ಕತ್ತರಿಸದೆ ಉಳಿದ ತಂತಿ

ಅಂಗಡಿಯಲ್ಲಿ ಎರಡು ಎಲೆಕ್ಟ್ರಿಕ್ ಸ್ಕೂಟರ್ ಗಾಡಿಗಳು ಅಕ್ಕಪಕ್ಕ ನಿಂತಿದ್ದವು.

"ನನಗೆ ನಂಬರ್ ಪ್ಲೇಟಿದೆ, ನನ್ನನ್ನು ಓಡಿಸಲು ಲೈಸೆನ್ಸ್ ಬೇಕು," ಎಂದಿತು ದೊಡ್ಡದು. "ನಿನ್ನ ಬೆಲೆಯೂ ಅರ್ಧ, ಮರ್ಯಾದೆಯೂ ಅರ್ಧ. ಗಂಟೆಗೆ ಇಪ್ಪತ್ತೈದು ಕಿಲೋಮೀಟರ್ ದಾಟಲಾರೆ, ಅದಕ್ಕೇ ನಿನಗೆ ಲೈಸೆನ್ಸೂ ಬೇಡ."

ಚಿಕ್ಕದು ನಾಚಿ, ಪಕ್ಕದ ಮೇಜಿನ ಮೇಲಿದ್ದ ಇಕ್ಕಳವನ್ನು ಕೇಳಿತು. "ಅಣ್ಣಾ, ನನ್ನ ವೇಗ ತಡೆಯುವ ತಂತಿ ಕತ್ತರಿಸಿಬಿಡು. ಎಲ್ಲರಿಗೂ ಮಾಡಿಕೊಡುತ್ತೀಯಲ್ಲ."

"ಕತ್ತರಿಸಿದರೆ ನಿನಗೂ ಲೈಸೆನ್ಸ್ ಬೇಕಾಗುತ್ತದೆ. ಸಿಕ್ಕಿಬಿದ್ದರೆ ದಂಡ ಕಟ್ಟುವವರು ನಾನಲ್ಲ, ನೀನಲ್ಲ, ಅಂಗಡಿಯವನೂ ಅಲ್ಲ. ನಿನ್ನನ್ನು ಕೊಂಡ ಬಡವರು."

"ಇರಲಿ, ಕತ್ತರಿಸು."

ಇಕ್ಕಳ ಬಾಯಿ ತೆರೆಯಿತು. ಅಷ್ಟರಲ್ಲಿ ಹೂ ಮಾರುವ ಸಾವಂತ್ರವ್ವ ಬುಟ್ಟಿ ಹೊತ್ತು ಒಳಗೆ ಬಂದಳು.

"ಯಪ್ಪಾ, ನನಗ ಓದಾಕ ಬರಂಗಿಲ್ಲ, ಲೈಸೆನ್ಸ್ ಸಿಗಲಿಲ್ಲ," ಎಂದಳು ಅಂಗಡಿಯವನಿಗೆ. "ಪೊಲೀಸರು ಹಿಡೀಲಾರದ ಗಾಡಿ ಯಾವುದೈತಿ? ಹೂ ಬಾಡೂದ್ರಾಗ ಪ್ಯಾಟಿ ಮುಟ್ಟಿದ್ರ ಸಾಕು."

ಅಂಗಡಿಯವನು ಚಿಕ್ಕದನ್ನು ತೋರಿಸಿ ನಕ್ಕ. "ಇದು ನೋಡಬೇ. ಒಂದು ತಂತಿ ಕತ್ತರಿಸಿದ್ರ ಕುದರಿ ಹಂಗ ಓಡ್ತೈತಿ."

ಚಿಕ್ಕ ಗಾಡಿ ಮೆಲ್ಲಗೆ ಹೇಳಿತು, "ಅಣ್ಣಾ, ಬಾಯಿ ಮುಚ್ಚು."

ಇಕ್ಕಳ ತಂತಿಯನ್ನು ಮುಟ್ಟದೆ ಬಾಯಿ ಮುಚ್ಚಿತು. ಅಂಗಡಿಯವನು ಅದನ್ನು ಕೈಗೆತ್ತಿಕೊಂಡು ಎಷ್ಟು ಎಳೆದರೂ ತೆರೆಯಲಿಲ್ಲ.

ಸಾವಂತ್ರವ್ವ ಒಂದು ಮೊಳ ಮಲ್ಲಿಗೆಯನ್ನು ಗಾಡಿಯ ಹ್ಯಾಂಡಲಿಗೆ ಸುತ್ತಿದಳು. "ಸಾವಕಾಶ ಹೋಗೂಣವ್ವಾ. ನನಗೂ ಅಂಜಿಕಿ ಐತಿ."