ತಲೆಕಟ್ಟು ಕಳಚಿದ ಅಕ್ಷರಗಳು

"ಎಲವೋ ನಾಗಿದೇವಾ! ನನ್ನೆದುರಿಗೇ ಇವಕ್ಕೆಷ್ಟು ಸೊಕ್ಕು ನೋಡು!"

ಗಗನಧರ ಮಹಾರಾಜ ಓಲೆಗರಿಯನ್ನು ಮುದುಕ ಲಿಪಿಕಾರನ ಮೂಗಿಗೆ ಹಿಡಿದ. ಆ ಆಸ್ಥಾನದಲ್ಲಿ ಅರಸನನ್ನು ಬಿಟ್ಟರೆ ಯಾರೂ ಮುಂಡಾಸು ಸುತ್ತುವಂತಿರಲಿಲ್ಲ. ಮಂತ್ರಿಯದೂ ಬರಿದಲೆ, ಸೇನಾಪತಿಯದೂ ಬರಿದಲೆ.

"ಯಾವುದಕ್ಕೆ ಸೊಕ್ಕು, ಪ್ರಭು?"

"ಈ ಅಕ್ಷರಗಳಿಗೆ! ನೆತ್ತಿಯ ಮೇಲೆ ಕೊಕ್ಕೆಯಂಥ ಗೀಟು. ಏನದು?"

"ತಲೆಕಟ್ಟು, ಪ್ರಭು."

"ಬಾಯಿಬಿಟ್ಟು ಬೇರೆ ಹೇಳ್ತೀಯಾ! ನನ್ನ ಮುಂದೆ ತಲೆಗೆ ಕಟ್ಟಿಕೊಂಡು ನಿಲ್ಲುವುದೇ? ನಾಳೆ ನೆರೆನಾಡಿನ ರಾಯಭಾರಿಯ ಎದುರು ನನ್ನ ಹೊಗಳಿಕೆ ಓದಬೇಕು. ಅದರಲ್ಲಿ ಒಂದು ತಲೆಕಟ್ಟು ಕಂಡರೂ ನಿನ್ನ ಹೆಬ್ಬೆರಳು ಹೋಯಿತು!"

ಹೆಬ್ಬೆರಳಿಲ್ಲದೆ ಓಲೆ ಕೊರೆಯುವುದುಂಟೇ? ನಾಗಿದೇವ ಅಳುತ್ತಾ ವಿದೂಷಕ ಬೊಮ್ಮರಸನ ಮನೆಗೆ ಓಡಿದ.

ಬೊಮ್ಮರಸನಿಗೆ ಕನಿಕರವೂ ಬಂತು, ನಗುವೂ ಬಂತು. "ಅಯ್ಯೋ ಅಜ್ಜಾ, ಅರಸರು ಹೇಳಿದ ಹಾಗೇ ಬರೀರಿ. ಓದೋ ಕೆಲಸ ನನಗೆ ಬಿಡಿ" ಎಂದ.

ಮರುದಿನ ತುಂಬಿದ ಸಭೆ. ನಾಗಿದೇವ ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು ಒಂದು ಬದಿಗೆ ನಿಂತಿದ್ದ. ಬೊಮ್ಮರಸ ಓಲೆ ಬಿಚ್ಚಿದ, ಗಂಟಲು ಸರಿಮಾಡಿಕೊಂಡ, ಅರಸನ ಹೆಸರಿಗೇ ಬಾಯಿ ಹಾಕಿದ.

"ಗ್... ಗ್... ನ್... ಧ್... ರ್..."

ಅವನ ಕಣ್ಣುಗುಡ್ಡೆಗಳು ಮೇಲೆ ಸಿಕ್ಕಿಕೊಂಡವು. ಆಸ್ಥಾನವೈದ್ಯರು ನೀರಿನ ಚೊಂಬು ಹಿಡಿದು ಓಡಿಬಂದರು. ಸೇನಾಪತಿ ಬೆನ್ನಿಗೆ ಗುದ್ದೇ ಗುದ್ದಿದ. ರಾಯಭಾರಿಯಂತೂ ಉತ್ತರೀಯವನ್ನು ಬಾಯಿಗೆ ತುರುಕಿಕೊಂಡು ನಗು ತಡೆಯಲಾರದೆ ಅಲುಗಾಡುತ್ತಿದ್ದ.

"ಏನಾಯ್ತೋ ನಿನಗೆ?" ಅರಸ ಸಿಂಹಾಸನದಿಂದೆದ್ದ.

"ನನಗೇನಿಲ್ಲ ಪ್ರಭು, ತಮ್ಮ ಹೆಸರಿಗೇ ಉಸಿರು ಕಟ್ಟಿದೆ! ಚಿಕ್ಕಂದಿನಲ್ಲಿ 'ಗ್ ತಲೆಕಟ್ಟು ಗ' ಅಂತ ಕಾಗುಣಿತ ಒಪ್ಪಿಸಿದ್ದು ಮರೆತಿರಾ? ತಲೆಕಟ್ಟು ಕಿತ್ತರೆ ಉಳಿಯುವುದು ಬರೀ ಗ್!"

ಅರಸನ ಮುಖ ಕೆಂಪಾಯಿತು. ಆದರೂ ಹಟ ಬಿಡಬೇಕಲ್ಲ! "ಹಾಗಾದರೆ ನನ್ನ ಹೆಸರಿಗೆ ಮಾತ್ರ ತಲೆಕಟ್ಟು ಇರಲಿ. ಮಿಕ್ಕವು ಬರಿದಲೆಯಲ್ಲೇ ನಿಲ್ಲಲಿ."

ಬೊಮ್ಮರಸ ಬಗ್ಗಿ ಕೈಮುಗಿದ. "ಅಪ್ಪಣೆ, ಪ್ರಭು. ಹೆಸರು ಸಲೀಸಾಗಿ ಹೊರಗೆ ಬರುತ್ತದೆ. ಹೊಗಳಿಕೆ ಮಾತ್ರ ಗಂಟಲಲ್ಲೇ ಉಳಿಯುತ್ತದೆ!"

ರಾಯಭಾರಿಯ ಬಾಯಿಂದ ಉತ್ತರೀಯ ಹಾರಿಬಿತ್ತು. ಅರಸನಿಗೂ ತಡೆಯಲಾಗಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತಲೇ ತನ್ನ ಜರಿ ಮುಂಡಾಸು ಬಿಚ್ಚಿ ನಾಗಿದೇವನ ತಲೆಗಿಟ್ಟ.

"ಕಟ್ಟಿಕೋ ಅಜ್ಜಾ! ಹೋಗು, ನಿನ್ನ ಅಕ್ಷರಗಳಿಗೂ ಬೇಗ ಕಟ್ಟು. ನನ್ನ ಹೊಗಳಿಕೆ ಕೇಳಬೇಕು!"