ಬಿಳಿ ಫ್ರಾಕಿನ ಹರಕೆ

"ಗುರುಗಳೇ, ದೇವರಿಗೆ ಹೊತ್ತ ಹರಕೆಯನ್ನು ತೀರಿಸದೆ ಬಿಡುವುದು ಪಾಪವಲ್ಲವೇ?" ಎಂದು ಪಾದ್ರಿಯಾಗಲು ಗುರುಮಠದಲ್ಲಿ ಓದುತ್ತಿದ್ದ ಚೌರಪ್ಪ ಕೇಳಿದ.

ವಯಸ್ಸಾದ ಗುರುಗಳು ಕನ್ನಡಕ ತೆಗೆದು ಪಕ್ಕಕ್ಕಿಟ್ಟರು. ಕತೆ ಹೇಳತೊಡಗಿದರು.

ಒಬ್ಬ ತಾಯಿಗೆ ಒಬ್ಬಳೇ ಮಗಳು. ನಡೆಯಲು ಕಲಿತಿದ್ದ ಮಗು ಮೆಲ್ಲಗೆ ಬೀಳತೊಡಗಿತು, ಆಮೇಲೆ ನಿಲ್ಲುವುದನ್ನೇ ಬಿಟ್ಟಿತು. ಸ್ನಾಯುಗಳು ಸೋಲುವ ರೋಗ, ಇದಕ್ಕೆ ಮದ್ದಿಲ್ಲ ಎಂದರು ವೈದ್ಯರು. ತಾಯಿ ಆ ಮಾತನ್ನು ಕೇಳಿಸಿಕೊಂಡಳು, ಒಪ್ಪಲಿಲ್ಲ. ನೇರವಾಗಿ ಚರ್ಚಿಗೆ ಹೋಗಿ ಮಾತೆ ಮರಿಯಮ್ಮನವರ ಮುಂದೆ ಮೊಣಕಾಲೂರಿ ಹರಕೆ ಹೊತ್ತಳು. ಮಗಳು ತನ್ನ ಕಾಲಿನಲ್ಲೇ ಪೀಠದವರೆಗೆ ನಡೆದು ಹೋಗಿ ಯೇಸುಸ್ವಾಮಿಯ ದೇಹವಾದ ರೊಟ್ಟಿಯನ್ನು, ಮೊದಲ ಪರಮಪ್ರಸಾದವನ್ನು, ತೆಗೆದುಕೊಳ್ಳುತ್ತಾಳೆ, ಅಲ್ಲಿಯವರೆಗೆ ತೆಗೆದುಕೊಳ್ಳುವುದಿಲ್ಲ ಎಂಬುದೇ ಆ ಹರಕೆ.

ದೇವರನ್ನು ಮಾತಿನಲ್ಲಿ ಕಟ್ಟಿಹಾಕಿದೆನೆಂದು ಅವಳಿಗೆ ಧೈರ್ಯ ಬಂತು. ಆ ಕಟ್ಟಿನಲ್ಲಿ ಸಿಕ್ಕಿಬಿದ್ದವರು ಯಾರು ಎಂದು ಅವಳು ನೋಡಲಿಲ್ಲ.

ಪ್ರಸಾದ ತೆಗೆದುಕೊಳ್ಳುವ ವಯಸ್ಸು ಬಂದಾಗ ಮಗಳಿಗೆ ಆ ದಿನ ತೊಡುವ ಬಿಳಿ ಫ್ರಾಕು ಹೊಲಿಸಿದಳು. ಅದನ್ನು ತೊಡುವ ದಿನ ಬರಲಿಲ್ಲ. ಮರುವರ್ಷ ಅಂಚು ಬಿಚ್ಚಿ ಉದ್ದ ಮಾಡಿದಳು. ಅದರ ಮರುವರ್ಷವೂ ಅದನ್ನೇ ಮಾಡಿದಳು. ಭಾನುವಾರ ಬಂದರೆ ಮಗಳನ್ನು ಎತ್ತಿಕೊಂಡು ಬಂದು ಮುಂದಿನ ಬೆಂಚಿನಲ್ಲಿ ಕೂರಿಸುವಳು. ತನಗಿಂತ ಚಿಕ್ಕವರು ಸಾಲಾಗಿ ಹೋಗಿ ಪ್ರಸಾದ ತೆಗೆದುಕೊಂಡು ಬರುವುದನ್ನು ಮಗಳು ನೋಡುತ್ತ ಕೂರುವಳು.

ಊರಿನ ಪಾದ್ರಿಗಳು ಒಳ್ಳೆಯವರು. ಬೆಂಚಿಗೇ ಪ್ರಸಾದ ತಂದುಕೊಡುತ್ತೇನಮ್ಮ ಎಂದು ಎಷ್ಟೋ ಸಲ ಹೇಳಿದರು. "ಹರಕೆ ಬಿಟ್ರೆ ಅವಳಿಗೆ ಕಾಲು ಬರೋದಿಲ್ಲ ಸ್ವಾಮಿ" ಎಂದು ತಾಯಿ ಕೈಮುಗಿದಳು. ನೋಡಿದವರು ಹಠ ಎಂದರು. ಅದು ಹಠವಲ್ಲ, ಹೆದರಿಕೆ. ಹರಕೆಯನ್ನು ಕೈಬಿಟ್ಟರೆ ಮಗಳನ್ನೇ ಕೈಬಿಟ್ಟಂತೆ ಎಂದುಕೊಂಡಿದ್ದಳು.

ಕೆಲವು ವರ್ಷ ಹೀಗೆ ಕಳೆದವು. ಬರಬರುತ್ತ ಮಗಳಿಗೆ ಕುಡಿದ ಗಂಜಿಯೂ ಗಂಟಲಲ್ಲಿ ಸಿಕ್ಕಿಕೊಳ್ಳತೊಡಗಿತು. ರೋಗ ಗಂಟಲಿಗೆ ಏರಿದೆ ಎಂದರು ವೈದ್ಯರು. ಇನ್ನು ಸ್ವಲ್ಪ ಕಾಲಕ್ಕೆ ಏನನ್ನೂ ನುಂಗಲಾಗದು, ಹೊಟ್ಟೆಗೆ ಕೊಳವೆ ಹಾಕಿ ಆಹಾರ ಕೊಡಬೇಕಾಗುತ್ತದೆ ಎಂದರು.

ತಾಯಿ ಮನೆಗೆ ಬಂದು ಫ್ರಾಕನ್ನು ತೆಗೆದು ನೋಡಿದಳು. ಬಿಚ್ಚುವುದಕ್ಕೆ ಅಂಚು ಉಳಿದಿರಲಿಲ್ಲ.

"ಅಮ್ಮಾ, ನಾನು ನಡೀಲೇಬೇಕಾ?" ಎಂದು ಮಗಳು ಕೇಳಿದಳು.

"ನೀನು ಯೇಸುಸ್ವಾಮಿ ಹತ್ರ ನಡ್ಕೊಂಡು ಹೋಗ್ತೀಯ ಅಂತ ಹರಕೆ ಹೊತ್ತಿದೀನಿ ಕಂದಾ."

"ಅವರ ಕಾಲು ಚೆನ್ನಾಗಿದೆಯಲ್ಲಮ್ಮಾ. ಅವರೇ ಬರ್ಲಿ."

ತಾಯಿ ಫ್ರಾಕನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು.

ಆ ಭಾನುವಾರ ಮಗಳಿಗೆ ಅದೇ ಫ್ರಾಕು ತೊಡಿಸಿದಳು. ಅದು ಮೊಣಕಾಲಿನ ಮೇಲೇ ನಿಂತಿತು. ಎಲ್ಲರೂ ಪ್ರಸಾದ ತೆಗೆದುಕೊಂಡು ಸಾಲು ಮುಗಿದ ಮೇಲೆ ತಾಯಿ ಬೆಂಚಿನಿಂದ ಕೈಯೆತ್ತಿದಳು. ಪಾದ್ರಿಗಳು ಮೆಟ್ಟಿಲಿಳಿದು ಬಂದರು. ಪ್ರಸಾದದ ಸಣ್ಣ ಚೂರನ್ನು ಮುರಿದು ಮಗಳ ನಾಲಿಗೆಯ ಮೇಲಿಟ್ಟರು. ತಾಯಿ ಚಮಚದಲ್ಲಿ ನೀರು ಕೊಟ್ಟಳು. ತಡವಾಯಿತು, ಆದರೆ ಮಗಳು ನುಂಗಿದಳು.

ಗುರುಗಳು ಕನ್ನಡಕ ಹಾಕಿಕೊಂಡರು. ಚೌರಪ್ಪನಿಗೆ ಸಮಾಧಾನವಾಗಲಿಲ್ಲ.

"ಆದರೂ ಹರಕೆ ಮುರಿಯಿತಲ್ಲ ಗುರುಗಳೇ. ಮಗಳು ಒಂದು ಹೆಜ್ಜೆಯನ್ನೂ ಇಡಲಿಲ್ಲ."

"ಆ ಬೆಂಚಿನವರೆಗೆ ನಡೆದು ಬರಲು ದೇವರು ಅಷ್ಟು ವರ್ಷವೂ ತುದಿಗಾಲಲ್ಲಿ ನಿಂತಿದ್ದ, ಚೌರಪ್ಪ; ಅಡ್ಡ ಬಂದದ್ದು ಆ ಹರಕೆಯೊಂದೇ."