ಇಳಿಜಾರಿನ ಗೇರು

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ನನ್ನಕ್ಕ ಕಣ್ಣು ಕಳೆದುಕೊಂಡು ಎರಡು ವರ್ಷವಾಯಿತು. ಒಂದು ಲೋಟ ನೀರನ್ನೂ ಅವಳೇ ತೆಗೆದುಕೊಳ್ಳಲು ನಾನು ಬಿಡುವುದಿಲ್ಲ. ಆದರೂ ಅವಳು ದಿನದಿಂದ ದಿನಕ್ಕೆ ಮಂಕಾಗುತ್ತಿದ್ದಾಳೆ. ನಾನು ನೋಡಿಕೊಳ್ಳುವುದರಲ್ಲಿ ಏನು ಕೊರತೆಯಾಗಿದೆ?"

ಗುರುಗಳು ಹೇಳಿದರು:

ದ್ಯಾವಪ್ಪ ಎಂಬ ಚಾಲಕನಿದ್ದ. ಘಟ್ಟದ ಮೇಲಿನ ಕ್ವಾರಿಯಿಂದ ಕೆಳಗಿನ ಊರುಗಳಿಗೆ ಚಪ್ಪಡಿ ಕಲ್ಲು ಸಾಗಿಸುತ್ತಿದ್ದ. ಇಪ್ಪತ್ತು ವರ್ಷ ಲಾರಿ ಓಡಿಸಿದವನು. ಒಮ್ಮೆ ಕಲ್ಲು ಇಳಿಸುವಾಗ ಚಪ್ಪಡಿ ಜಾರಿ ಅವನ ಎಡಗಾಲಿನ ಮೇಲೆ ಬಿತ್ತು. ಕಾಲು ಉಳಿಯಿತು. ಕ್ಲಚ್ ಒತ್ತುವ ಶಕ್ತಿ ಉಳಿಯಲಿಲ್ಲ.

ಅವನ ತಮ್ಮ ಫಕೀರಪ್ಪ ಊರೂರು ಹುಡುಕಿ ಒಂದು ದೊಡ್ಡ ಪಿಕಪ್ ತಂದ. ಭಾರಿ ಎಂಜಿನ್ನಿನ ಗಾಡಿ. ಕ್ಲಚ್ ಇಲ್ಲ, ಗೇರು ತಾನಾಗಿಯೇ ಬದಲಾಗುತ್ತದೆ. ಅಣ್ಣ ಸುಮ್ಮನೆ ಕೂತರೆ ಸಾಕು ಎಂದು ತಮ್ಮ ಹಿಗ್ಗಿದ. ಅಂದಿನಿಂದ ಪ್ರತಿ ಸಲವೂ ಪಕ್ಕದಲ್ಲಿ ತಾನೂ ಕೂತು ರಸ್ತೆಯನ್ನೂ ಅಣ್ಣನನ್ನೂ ಕಾಯತೊಡಗಿದ.

ದ್ಯಾವಪ್ಪ ಗಾಡಿ ಓಡಿಸಿದ, ಆದರೆ ಅವನ ಮಾತು ಕಡಿಮೆಯಾಯಿತು. ಇಳಿಜಾರು ಬಂದಾಗಲೆಲ್ಲ ಎಡಗೈ ಗೇರಿನ ಹಿಡಿಯತ್ತ ಹೋಗಿ, ಅಲ್ಲಿ ಮಾಡಲು ಏನೂ ಇಲ್ಲದೆ ತೊಡೆಯ ಮೇಲೆ ಬಂದು ಕೂರುತ್ತಿತ್ತು.

ಒಂದು ದಿನ ಇಳಿಜಾರಿನಲ್ಲಿ ಕಲ್ಲು ತುಂಬಿದ ಗಾಡಿ ತಿರುವಿಗೆ ಮೊದಲೇ ತಾನಾಗಿಯೇ ಮೇಲಿನ ಗೇರಿಗೆ ಹೋಯಿತು. ವೇಗ ಏರಿತು. ಬ್ರೇಕು ಕಾದು ಸುಟ್ಟ ವಾಸನೆ ಬಂತು. ದ್ಯಾವಪ್ಪ ಗಾಡಿಯನ್ನು ಗುಡ್ಡದ ಬದಿಗೆ ಒರಗಿಸಿ ಹೇಗೋ ನಿಲ್ಲಿಸಿದ. ತಮ್ಮ ಕೆಳಗಿಳಿದು ಚಕ್ರಕ್ಕೆ ಕಲ್ಲು ಕೊಟ್ಟ. ಇನ್ನು ಈ ಕೆಲಸವೇ ಬೇಡ, ಮನೆಯಲ್ಲಿರು, ಎಲ್ಲ ನಾನು ನೋಡಿಕೊಳ್ಳುತ್ತೇನೆ ಎಂದ.

"ಇಳಿಜಾರು ನನಗೆ ಗೊತ್ತು ತಮ್ಮಾ. ಗಾಡಿಗೆ ಗೊತ್ತಿಲ್ಲ. ಆದರೆ ಅದು ನನ್ನನ್ನು ಕೇಳುವುದಿಲ್ಲ. ನೀನೂ ಕೇಳುವುದಿಲ್ಲ" ಎಂದ ದ್ಯಾವಪ್ಪ.

ಫಕೀರಪ್ಪ ಆ ದಿನ ಊಟ ಮಾಡಲಿಲ್ಲ. ಮರುದಿನ ಗಾಡಿಯನ್ನು ಹಸನಸಾಬ್ ಎಂಬ ಮೆಕ್ಯಾನಿಕ್ಕಿನ ಬಳಿಗೆ ಒಯ್ದ. ಸ್ಟೇರಿಂಗಿನ ಹಿಂದೆ ಎರಡು ಸಣ್ಣ ಹಿಡಿ ಕೂರಿಸಬಹುದು, ಒಂದು ಎಳೆದರೆ ಗೇರು ಏರುತ್ತದೆ, ಇನ್ನೊಂದು ಎಳೆದರೆ ಇಳಿಯುತ್ತದೆ, ಕಾಲಿನ ಕೆಲಸವೇ ಇಲ್ಲ ಎಂದ ಹಸನಸಾಬ್. ಆದರೆ ಓಡಿಸುವವನೇ ಬರಬೇಕು ಎಂದ. ದ್ಯಾವಪ್ಪನನ್ನು ಕೂರಿಸಿ, ಅವನ ಬೆರಳು ಎಲ್ಲಿಗೆ ಮುಟ್ಟುತ್ತದೋ ಅಲ್ಲಿ ಸೀಮೆಸುಣ್ಣದ ಗುರುತು ಹಾಕಿಕೊಂಡ. ಕೆಲಸಕ್ಕೆ ಎಂಟು ದಿನ ಹಿಡಿಯಿತು.

ಮೊದಲು ದ್ಯಾವಪ್ಪ ಖಾಲಿ ಗಾಡಿಯಲ್ಲಿ ಘಟ್ಟ ಹತ್ತಿ ಇಳಿದು ಕೈ ಪಳಗಿಸಿಕೊಂಡ. ಆಮೇಲೆ ಕಲ್ಲು ತುಂಬಿದರು. ಇಳಿಜಾರಿನ ತಲೆಯಲ್ಲಿ ದ್ಯಾವಪ್ಪ ಗೇರು ಇಳಿಸುವ ಎಡಗಡೆಯ ಹಿಡಿಯನ್ನು ಎರಡು ಸಲ ಎಳೆದ. ಎಂಜಿನ್ನು ಗುಡುಗಿ ಭಾರವನ್ನು ಹಿಡಿದಿಟ್ಟಿತು. ತಿರುವಿನಿಂದ ತಿರುವಿಗೆ ಗಾಡಿ ಅವನು ಹೇಳಿದಂತೆ ಇಳಿಯಿತು. ದ್ಯಾವಪ್ಪ ಬಹಳ ದಿನಗಳ ಮೇಲೆ ಹಳೆಯ ಲಾರಿಯ ಕತೆ ತೆಗೆದ. ಫಕೀರಪ್ಪ ಮಾತ್ರ ಎರಡೂ ಕೈಯಿಂದ ಬಾಗಿಲಿನ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದ.

"ಕೈ ಬಿಡೋ. ನಾನಿದ್ದೇನೆ" ಎಂದ ಅಣ್ಣ.

ಫಕೀರಪ್ಪ ಕೈ ಬಿಟ್ಟ. ಸ್ವಲ್ಪ ಹೊತ್ತಿಗೆ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದ. ಆ ಗಾಡಿಯಲ್ಲಿ ಅವನು ನಿದ್ದೆ ಮಾಡಿದ್ದು ಅದೇ ಮೊದಲು. ರಸ್ತೆ ಕಿತ್ತು ಹೋದಲ್ಲೆಲ್ಲ ದ್ಯಾವಪ್ಪ ತಮ್ಮನಿಗೆ ಎಚ್ಚರವಾಗದಂತೆ ಮೆಲ್ಲಗೆ ಗೇರು ಇಳಿಸುತ್ತ ಹೋದ.

ಗುರುಗಳು ಇಷ್ಟು ಹೇಳಿ ಶಿಷ್ಯನ ಮುಖ ನೋಡಿದರು.

"ಅಕ್ಕ ಇದ್ದಾಳೆ ಎಂಬ ಧೈರ್ಯದಲ್ಲಿ ನೀನು ಕೊನೆಯ ಸಲ ಕಣ್ಣು ಮುಚ್ಚಿ ಮಲಗಿದ್ದು ಯಾವಾಗ?"